ದಳಕ್ಕೆ ಬಣ್ಣ ಬರುವುದು ಮೊಗ್ಗಿನಲ್ಲೇ: ಬಣ್ಣ ಕಟ್ಟುವ ಪ್ರೋಟೀನ್‌ಗಳ ಕೆಲಸವನ್ನು ಕಣ್ಣಾರೆ ನೋಡುವ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದಾಗ ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ವಿದ್ಯಾರ್ಥಿಗಳು ನನಗೆ ಕಳಿಸುವ ಫೋಟೋ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಗಾಜಿನ ಲೋಟದಲ್ಲಿ ಕಂದು ನೀರು, ಪಕ್ಕದಲ್ಲಿ ಬಾಡಿದ ದಾಸವಾಳ. "ಸರ್, ಹೂ ಚೆನ್ನಾಗಿ ಕೆಂಪಿತ್ತು. ನೀರು ಯಾಕೆ ಹೀಗಾಯ್ತು?"

ತಪ್ಪುಗಳೂ ಅವೇ ಮೂರು. ಅರಳಿದ ಹೂವಿನಿಂದ ಕೆಲಸ ಶುರು ಮಾಡುತ್ತಾರೆ. ಬೋರಿನ ನೀರು ಹಾಕುತ್ತಾರೆ. ಮಿಕ್ಸಿಯಲ್ಲಿ ರುಬ್ಬುತ್ತಾರೆ, ಇಲ್ಲವೇ ಬಿಸಿಲಲ್ಲಿ ಒಣಗಿಸುತ್ತಾರೆ. ಇವುಗಳಲ್ಲಿ ಮೊದಲನೆಯದೇ ದೊಡ್ಡ ತಪ್ಪು. ಹೂ ಅರಳುವ ಹೊತ್ತಿಗೆ ಬಣ್ಣ ಕಟ್ಟುವ ಕೆಲಸ ಬಹುಪಾಲು ಮುಗಿದಿರುತ್ತದೆ. ನೋಡಬೇಕಾದದ್ದು ಮೊಗ್ಗನ್ನು.

## ಕೈ ಹಚ್ಚುವ ಮೊದಲು: ಬಣ್ಣ ಬೇರೆ, ಪ್ರೋಟೀನ್ ಬೇರೆ

ಹೂವಿನ ಕೆಂಪು, ನೇರಳೆ, ನೀಲಿ ಬಣ್ಣಗಳಲ್ಲಿ ಬಹುಪಾಲು ಆಂಥೋಸಯನಿನ್‌ನಿಂದ ಬರುತ್ತವೆ. ಆಂಥೋಸಯನಿನ್ ಪ್ರೋಟೀನ್ ಅಲ್ಲ. ಅದನ್ನು ತಯಾರಿಸುವ ಕಿಣ್ವಗಳು, ಅಂದರೆ ಎಂಜೈಮ್‌ಗಳು, ಪ್ರೋಟೀನ್‌ಗಳು. ಲೋಟದಲ್ಲಿ ನಿಮಗೆ ಕಾಣುವುದು ಕೆಲಸದ ಫಲ, ಕೆಲಸಗಾರರಲ್ಲ. ಇಷ್ಟು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಹೋಗುತ್ತದೆ.

ಗವಿಮಠದ ಜಾತ್ರೆಗೆ ನಮ್ಮ ಊರುಗಳಲ್ಲಿ ಜೋಳದ ರೊಟ್ಟಿ ಮಾಡುವುದನ್ನು ನೋಡಿದ್ದೀರಲ್ವಾ? ಒಬ್ಬರು ಹಿಟ್ಟು ನಾದುತ್ತಾರೆ, ಒಬ್ಬರು ತಟ್ಟುತ್ತಾರೆ, ಒಬ್ಬರು ಹೆಂಚಿನ ಮೇಲೆ ಬೇಯಿಸುತ್ತಾರೆ, ಇನ್ನೊಬ್ಬರು ಎಣಿಸಿ ಬುಟ್ಟಿಗೆ ಹಾಕುತ್ತಾರೆ. ತಟ್ಟುವವರು ಬರದಿದ್ದರೆ ನಾದಿದ ಹಿಟ್ಟು ಹಾಗೇ ಕೂತಿರುತ್ತದೆ. ದಳದ ಜೀವಕೋಶದಲ್ಲೂ ಇಂಥದೇ ಸಾಲು ಇದೆ.

ಸಾಲಿನ ಮೊದಲಲ್ಲಿ ಇರುವುದು ಚಾಲ್ಕೋನ್ ಸಿಂಥೇಸ್. ಅದು ಒಂದು ಕುಮರೋಯಿಲ್ ಕೋಎ, ಮೂರು ಮಲೋನಿಲ್ ಕೋಎ ಎಂಬ ಕಚ್ಚಾ ಅಣುಗಳನ್ನು ಸೇರಿಸಿ ತಿಳಿ ಹಳದಿಯ ಚಾಲ್ಕೋನ್ ಮಾಡುತ್ತದೆ. ಚಾಲ್ಕೋನ್ ಐಸೋಮರೇಸ್ ಅದನ್ನು ಬಣ್ಣವಿಲ್ಲದ ನರಿಂಜೆನಿನ್ ಆಗಿ ತಿರುಗಿಸುತ್ತದೆ. ಮುಂದೆ ಹೈಡ್ರಾಕ್ಸಿಲೇಸ್‌ಗಳ ಸರದಿ. ಇವು ಅಣುವಿಗೆ ಹೈಡ್ರಾಕ್ಸಿಲ್, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿ, ಕೂರಿಸುವ ಕಿಣ್ವಗಳು. ಹೂವಿನ ಬಣ್ಣ ಯಾವ ಕಡೆ ವಾಲಬೇಕು ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ಅಣುವಿನ ಒಂದು ಉಂಗುರದ ಮೇಲೆ ಒಂದೇ ಹೈಡ್ರಾಕ್ಸಿಲ್ ಇದ್ದರೆ ಪೆಲಾರ್ಗೋನಿಡಿನ್, ಕಿತ್ತಳೆ ಕಡೆಯ ಕೆಂಪು. ಎರಡಿದ್ದರೆ ಸಯನಿಡಿನ್, ಗಾಢ ಕೆಂಪು. ಮೂರಿದ್ದರೆ ಡೆಲ್ಫಿನಿಡಿನ್, ನೇರಳೆ ಮತ್ತು ನೀಲಿ. ಮೂರನೆಯದನ್ನು ಕೂರಿಸುವ ಕಿಣ್ವ ಗುಲಾಬಿಯಲ್ಲಿ ಇಲ್ಲ. ಅದಕ್ಕೇ ಗುಲಾಬಿಯಲ್ಲಿ ಸಹಜವಾಗಿ ನೀಲಿ ಇಲ್ಲ. ಬೇರೆ ಹೂವಿನ ಜೀನ್ ಸೇರಿಸಿ ಮಾಡಿದ 'ನೀಲಿ ಗುಲಾಬಿ' 2009ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ನೋಡಲು ಅದು ತಿಳಿ ನೇರಳೆ.

ಆಮೇಲೆ ಡಿಎಫ್‌ಆರ್, ಅದರ ಹಿಂದೆ ಎಎನ್‌ಎಸ್ ಎಂಬ ಕಿಣ್ವಗಳು ಕೆಲಸ ಮಾಡುತ್ತವೆ. ಎಎನ್‌ಎಸ್ ಮುಗಿಸಿದ ಮೇಲೆಯೇ ಕಣ್ಣಿಗೆ ಬಣ್ಣ ಎನ್ನುವುದು ಸಿಗುತ್ತದೆ. ಆದರೆ ಆ ಬಣ್ಣ ತುಂಬಾ ಅಸ್ಥಿರ. ಕೊನೆಯ ಕಿಣ್ವ ಅದಕ್ಕೆ ಒಂದು ಸಕ್ಕರೆ ಅಣು ಕೂಡಿಸಿದರೆ ಗಟ್ಟಿಯಾಗುತ್ತದೆ. ನಂತರ ಸಾಗಿಸುವ ಪ್ರೋಟೀನ್‌ಗಳು ಅದನ್ನು ಜೀವಕೋಶದ ವ್ಯಾಕ್ಯೂಲ್‌ಗೆ, ಅಂದರೆ ಒಳಗಿನ ನೀರಿನ ಚೀಲಕ್ಕೆ, ತಲುಪಿಸುತ್ತವೆ.

ಈ ಸಾಲನ್ನು ಯಾವಾಗ ಎಬ್ಬಿಸಬೇಕು, ದಳದ ಯಾವ ಭಾಗದಲ್ಲಿ ಎಬ್ಬಿಸಬೇಕು ಎಂದು ಹೇಳುವ ಮೇಸ್ತ್ರಿಗಳೂ ಪ್ರೋಟೀನ್‌ಗಳೇ. ಎಂವೈಬಿ, ಬಿಎಚ್‌ಎಲ್‌ಎಚ್, ಡಬ್ಲ್ಯುಡಿ40 ಎಂಬ ಮೂರು ಜಾತಿಯವು ಒಟ್ಟಿಗೆ ಕೂತು ಜೀನ್‌ಗಳನ್ನು ಚಾಲೂ ಮಾಡುತ್ತವೆ. ಎಷ್ಟೋ ಹೂಗಳ ದಳದ ಮೇಲಿನ ಚುಕ್ಕೆ, ಗೆರೆಗಳು ಎಂವೈಬಿ ಅಲ್ಲಲ್ಲಿ ಮಾತ್ರ ಕೆಲಸ ಮಾಡಿದ್ದರ ಗುರುತು.

## ಹಂತ 1: ಕಾಲ ಮತ್ತು ಹೂ ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿ ಒಳಗೆ ಮಾಡಿ. ನಮ್ಮ ಬಳ್ಳಾರಿ, ರಾಯಚೂರು ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಸೆಕೆಯಲ್ಲಿ ಗುಲಾಬಿ, ಸೇವಂತಿಗೆಯಂಥ ಹೂಗಳಲ್ಲಿ ಆಂಥೋಸಯನಿನ್ ಕಟ್ಟುವ ಜೀನ್‌ಗಳ ಕೆಲಸ ಇಳಿಯುತ್ತದೆ, ಕಟ್ಟಿದ ಬಣ್ಣವೂ ಬೇಗ ಒಡೆಯುತ್ತದೆ. ಏಪ್ರಿಲ್‌ನಲ್ಲಿ ಕೆಂಪು ಗುಲಾಬಿ ಯಾಕೆ ಪೇಲವವಾಗಿ ಅರಳುತ್ತದೆ ಎಂದು ಹೂವಿನ ತೋಟದವರು ಕೇಳುತ್ತಲೇ ಇರುತ್ತಾರೆ. ಗೊಬ್ಬರ ಜಾಸ್ತಿ ಹಾಕಿದರೆ ಅದು ಸರಿಹೋಗುವುದಿಲ್ಲ. ಮಧ್ಯಾಹ್ನದ ಬಿಸಿ ತಗ್ಗಿಸಬೇಕು, ಆದರೆ ಬೆಳಕು ಪೂರ್ತಿ ಮುಚ್ಚಬಾರದು.

ಹೂಗಳಲ್ಲಿ ಈ ಐದು ಸಾಕು, ಹಂತ 7ರ ಎರಡು ಪ್ರಯೋಗಗಳಿಗೆ ಮಾತ್ರ ಬೇರೆ ಹೂ ಬೇಕು. ಕೆಂಪು ಒಂಟಿ ಸುತ್ತಿನ ದಾಸವಾಳ, ನೀಲಿ ಶಂಖಪುಷ್ಪ, ಚೆಂಡು ಹೂ, ಕಾಗದದ ಹೂ, ಮಲ್ಲಿಗೆ. ನಮ್ಮ ಭಾಗದಲ್ಲಿ ಇವು ಸುಲಭವಾಗಿ ಸಿಗುತ್ತವೆ. ಮುಖ್ಯ ಪ್ರಯೋಗಕ್ಕೆ ದಾಸವಾಳವೇ ಇರಲಿ. ಮೊಗ್ಗು ದೊಡ್ಡದು, ಒಂದೇ ಗಿಡದಲ್ಲಿ ಎಲ್ಲ ವಯಸ್ಸಿನ ಮೊಗ್ಗುಗಳೂ ಒಟ್ಟಿಗೆ ಇರುತ್ತವೆ.

ಸಂತೆಯಿಂದ ತಂದ ಹೂ ಬೇಡ. ಎಂದು ಕಿತ್ತದ್ದು, ಎಷ್ಟು ಹೊತ್ತು ಬಿಸಿಲಲ್ಲಿ ಇತ್ತು, ಏನು ಸಿಂಪಡಿಸಿದ್ದಾರೆ, ಯಾವುದೂ ನಿಮಗೆ ಗೊತ್ತಿರುವುದಿಲ್ಲ. ಗಿಡ ಒಂದೇ ಇರಲಿ, ನಿಮ್ಮ ಕಣ್ಣೆದುರಿಗೇ ಇರಲಿ.

## ಹಂತ 2: ಸಾಮಾನು ಹೊಂದಿಸಿ

0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಸ್ಕೇಲು, ಹೊಸ ಬ್ಲೇಡು, ಚೂಪಾದ ಕತ್ತರಿ, ಮುಚ್ಚಳ ಇರುವ ಸಣ್ಣ ಗಾಜಿನ ಬಾಟಲಿಗಳು, ಫಿಲ್ಟರ್ ಪೇಪರ್, ಸಿರಿಂಜು, ಐಸ್ ತುಂಬಿದ ಸ್ಟೀಲ್ ಡಬ್ಬಿ, ಬಿಳಿ ಕಾಗದ. ಮೆಡಿಕಲ್ ಶಾಪಿನಿಂದ 70 ಶೇಕಡಾ ಐಸೋಪ್ರೊಪಿಲ್ ಆಲ್ಕೋಹಾಲ್. ಕಿರಾಣಿ ಅಂಗಡಿಯಿಂದ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅಡುಗೆ ಸೋಡಾ, ಅಡುಗೆ ಎಣ್ಣೆ, ಎಲೆಗೆ ಹಚ್ಚುವ ಸುಣ್ಣ.

ಇನ್ನು ನೀರು. ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು.

ನಾನು ಮೊದಲ ಸಲ ಈ ಪ್ರಯೋಗ ಮಾಡಿದಾಗ ನಲ್ಲಿ ತಿರುಗಿಸಿ ಬೋರಿನ ನೀರನ್ನೇ ಹಿಡಿದೆ. ದಾಸವಾಳದ ಕೆಂಪು ಕಣ್ಣೆದುರೇ ಮಾಸಿ, ನೇರಳೆಯಾಗಿ, ಕೊನೆಗೆ ಹಸಿರು ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗಿತು. ಹೂವೇ ಸರಿ ಇಲ್ಲ ಎಂದುಕೊಂಡು ಮೂರು ದಿನ ಗಿಡ ಬದಲಾಯಿಸಿದೆ. ತಪ್ಪು ನೀರಿನದಾಗಿತ್ತು. ನಮ್ಮ ಭಾಗದ ಬಹಳಷ್ಟು ಬೋರಿನ ನೀರು ಸವಳು, ಗಡಸು, ಕ್ಷಾರದ ಕಡೆಗೆ ವಾಲಿದ್ದು. ಆಂಥೋಸಯನಿನ್ ಹುಳಿಯಲ್ಲಿ ಕೆಂಪಾಗಿ ನಿಲ್ಲುತ್ತದೆ, ಕ್ಷಾರದಲ್ಲಿ ನೀಲಿ, ಹಸಿರು ಆಗಿ ಒಡೆದುಹೋಗುತ್ತದೆ.

ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಕೇಳುವಾಗ ಸರಿಯಾಗಿ ಕೇಳಿ, ಲೇಬಲ್ ಓದಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಅದು ಚರ್ಮ ಸುಡುತ್ತದೆ. ಡಿಸ್ಟಿಲ್ಡ್ ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ನಡೆಯುತ್ತದೆ.

ಕಬ್ಬಿಣದ ಕುಟ್ಟಾಣಿ ಮುಟ್ಟಬೇಡಿ. ಕಬ್ಬಿಣ ತಾಗಿದರೆ ಬಣ್ಣ ಕಪ್ಪಾಗುತ್ತದೆ. ಅಮೃತಶಿಲೆಯದೂ ಬೇಡ, ಅದು ಹುಳಿಯನ್ನು ತಿಂದುಬಿಡುತ್ತದೆ. ಪಿಂಗಾಣಿಯದು ಇದ್ದರೆ ಸರಿ. ಇಲ್ಲದಿದ್ದರೆ ಕತ್ತರಿಯೇ ಸಾಕು.

## ಹಂತ 3: ಮೊಗ್ಗುಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ

ದಾಸವಾಳವನ್ನು ಆರು ಗುಂಪು ಮಾಡಿ. ಎಲ್ಲ ಮೊಗ್ಗನ್ನೂ ಬೆಳಿಗ್ಗೆ 6ರಿಂದ 7ರ ಒಳಗೆ ಕೀಳಿ. ಪ್ರತಿ ಗುಂಪಿಗೆ ಕನಿಷ್ಠ ಐದು. ಒಂದೇ ಮೊಗ್ಗಿನ ಮೇಲೆ ತೀರ್ಮಾನ ಕಟ್ಟಬೇಡಿ.

1. ಹಸಿರು ಪುಷ್ಪಪಾತ್ರೆ ಪೂರ್ತಿ ಮುಚ್ಚಿಕೊಂಡಿರುವ ಎಳೆ ಮೊಗ್ಗು, ಸುಮಾರು 1 ಸೆಂ.ಮೀ.
2. ಹಸಿರಿನ ತುದಿ ಬಿರಿದು ದಳದ ಮೂತಿ ಕಾಣುವುದು.
3. ದಳ ಹೊರಬಂದು ಹಸಿರಿನಷ್ಟೇ ಉದ್ದ ಆಗಿರುವುದು.
4. ನಾಳೆ ಅರಳಲಿರುವ ಉದ್ದನೆಯ, ಸುರುಳಿ ಸುತ್ತಿದ ಮೊಗ್ಗು.
5. ಅಂದು ಬೆಳಿಗ್ಗೆ ಅರಳಿದ ಹೂ.
6. ನಿನ್ನೆ ಅರಳಿ ಮತ್ತೆ ಸುತ್ತಿಕೊಂಡು ಬಾಡಿದ ಹೂ.

ಎರಡನೇ ಗುಂಪಿನ ಒಂದು ಮೊಗ್ಗನ್ನು ಬಿಳಿ ಕಾಗದದ ಮೇಲಿಟ್ಟು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಳಗೆ ಐದು ದಳ ಒಂದರ ಮೇಲೊಂದು ಸೆರಗಿನ ಹಾಗೆ ಸುತ್ತಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ನಮ್ಮ ಅಂಗಳದ ಗಿಡದಲ್ಲಿ ಅದರ ಬುಡ ಇನ್ನೂ ಮಜ್ಜಿಗೆ ಬಣ್ಣಕ್ಕೆ ಇತ್ತು, ಹಸಿರಿನ ಛಾಯೆಯೂ ಇತ್ತು. ತುದಿಯಲ್ಲಿ ಮಾತ್ರ ಕುಂಕುಮ ಸವರಿದ ಹಾಗೆ ಒಂದು ಕೆಂಪು. ಎರಡರ ನಡುವೆ ನರಗಳ ಗುಂಟ ಬಣ್ಣ ಸಣ್ಣಗೆ ಇಳಿಯುತ್ತಿತ್ತು. ಒಂದೇ ದಳದಲ್ಲಿ ಕೆಲಸ ಶುರುವಾದ ಜಾಗ, ಇನ್ನೂ ಆಗದ ಜಾಗ ಎರಡೂ ಕಾಣುತ್ತವೆ. ನಿಮ್ಮ ಗಿಡದಲ್ಲಿ ಬೇರೆ ಥರ ಇದ್ದರೆ ಇದ್ದ ಹಾಗೇ ಬರೆದುಕೊಳ್ಳಿ.

ಪ್ರತಿ ಗುಂಪಿನ ಫೋಟೋ ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ಕಾಗದದ ಮೇಲೆ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆಯಿರಿ. ಮೊಬೈಲಿನ ಫಿಲ್ಟರ್, ಬ್ಯೂಟಿ ಮೋಡ್ ಆಫ್ ಮಾಡಿ.

## ಹಂತ 4: ತಂಪಾಗಿ ಇಡಿ, ತಡಮಾಡದೆ ತೂಗಿ

ಕಿತ್ತ ಕೂಡಲೇ ಐಸ್ ಡಬ್ಬಿಗೆ. ಐಸ್ ನೇರವಾಗಿ ತಾಗದಂತೆ ನಡುವೆ ಬಟ್ಟೆ ಇರಲಿ. ದಳ ಕಿತ್ತ ಮೇಲೂ ಅದರ ಪ್ರೋಟೀನ್‌ಗಳು ಸುಮ್ನೆ ಕೂರುವುದಿಲ್ಲ. ಬಣ್ಣ ಕೆಡಿಸುವ ಕಿಣ್ವಗಳೂ ಅಲ್ಲೇ ಇರುತ್ತವೆ. ಪಾಲಿಫಿನಾಲ್ ಆಕ್ಸಿಡೇಸ್, ಪೆರಾಕ್ಸಿಡೇಸ್ ಅವುಗಳಲ್ಲಿ ಮುಖ್ಯ. ದಳ ಜಜ್ಜಿಹೋಗಿ ಗಾಳಿ ತಾಗಿತೋ, ಅವು ಕಂದು ಮಾಡುತ್ತವೆ. ಮಿಕ್ಸಿಗೆ ಹಾಕಿದವರ ಲೋಟದಲ್ಲಿ ಆಗಿದ್ದು ಇದೇ.

ಹಸಿರು ಭಾಗ, ಕೇಸರ ಎಲ್ಲ ತೆಗೆದು ದಳ ಮಾತ್ರ 1 ಗ್ರಾಂ ತೂಗಿ. ಎಳೆ ಮೊಗ್ಗಿನಿಂದ 1 ಗ್ರಾಂ ಬರದಿದ್ದರೆ ಅರ್ಧ ಗ್ರಾಂ ತೂಗಿ, ದ್ರಾವಣವನ್ನೂ ಅರ್ಧ ಮಾಡಿ. ಕಣ್ಣಂದಾಜಿನಲ್ಲಿ 'ನಾಲ್ಕು ದಳ' ಎಂದು ಹಾಕಿದರೆ ಗುಂಪುಗಳನ್ನು ಹೋಲಿಸಲು ಬರುವುದಿಲ್ಲ.

## ಹಂತ 5: ಬಣ್ಣ ಇಳಿಸಿ

100 ಮಿಲಿ ಐಸೋಪ್ರೊಪಿಲ್ ಆಲ್ಕೋಹಾಲ್‌ಗೆ ಅರ್ಧ ಟೀ ಚಮಚ ನಿಂಬೆ ಉಪ್ಪು ಹಾಕಿ ಪೂರ್ತಿ ಕರಗಿಸಿ. ಒಂದು ಬಾಟಲಿಗೆ ಇದರಲ್ಲಿ 10 ಮಿಲಿ ಹಾಕಿ. ತೂಗಿದ ದಳವನ್ನು ಕತ್ತರಿಯಿಂದ ನೇರ ಈ ದ್ರಾವಣದೊಳಗೇ ಸಣ್ಣಗೆ ಕತ್ತರಿಸಿ. ಕ್ರಮ ಮುಖ್ಯ. ಮೊದಲು ಹುಳಿ ದ್ರಾವಣ, ಆಮೇಲೆ ಕತ್ತರಿ. ತಟ್ಟೆಯಲ್ಲಿ ಕತ್ತರಿಸಿಟ್ಟು ದ್ರಾವಣ ಹುಡುಕಲು ಹೋದರೆ ಅಷ್ಟರಲ್ಲೇ ಅಂಚು ಕಂದಾಗಿರುತ್ತದೆ.

ಮುಚ್ಚಳ ಹಾಕಿ, ಬಾಟಲಿಗೆ ಕಪ್ಪು ಕಾಗದ ಸುತ್ತಿ, ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅಲುಗಾಡಿಸಿ ಸೋಸಿ. ದಾಸವಾಳದಲ್ಲಿ ಲೋಳೆ ಜಾಸ್ತಿ. ಬರೀ ನೀರಿನಲ್ಲಿ ಹಾಕಿದವರಿಗೆ ಅದು ಸೋಸಲು ಬಾರದಂತೆ ಫಿಲ್ಟರ್‌ಗೆ ಅಂಟುತ್ತದೆ. ಆಲ್ಕೋಹಾಲ್‌ನಲ್ಲಿ ಆ ಲೋಳೆ ದಾರದ ಹಾಗೆ ಗಂಟಾಗಿ ತಳಕ್ಕೆ ಕೂರುತ್ತದೆ, ಸೋಸುವುದು ಸಲೀಸು.

ಆಲ್ಕೋಹಾಲ್ ಬಾಟಲಿಯನ್ನು ಗ್ಯಾಸ್ ಒಲೆ, ದೀಪ, ಊದುಬತ್ತಿ ಹತ್ತಿರ ತರಬೇಡಿ. ಬೇಗ ಇಳಿಯಲಿ ಎಂದು ಬಿಸಿ ಮಾಡಲೇಬೇಡಿ. ಕಾಲೇಜು ಲ್ಯಾಬಿನಲ್ಲಿ 1 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್ ಸೇರಿದ ಮೆಥನಾಲ್ ಬಳಸುತ್ತಾರೆ. ಬಣ್ಣ ಇನ್ನೂ ಚೆನ್ನಾಗಿ ಇಳಿಯುತ್ತದೆ, ಆದರೆ ಮೆಥನಾಲ್ ವಿಷ. ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಅದು ಮನೆಗೆ ಬರಬಾರದು.

ಒಂದು ಗಾಬರಿ ಎಲ್ಲರಿಗೂ ಆಗುತ್ತದೆ. ಸೋಸಿದ ಕೆಂಪು ದ್ರಾವಣಕ್ಕೆ ಜಾಸ್ತಿ ನೀರು ಬೆರೆಸಿದಾಗ ಬಣ್ಣ ಮಾಯವಾಗುತ್ತದೆ. ಬಣ್ಣ ಹೋಗಿಲ್ಲ. ಹುಳಿ ಕಡಿಮೆಯಾಗಿ ಪಿಎಚ್ 4–5ರ ಹತ್ತಿರ ಬಂದಾಗ ಆಂಥೋಸಯನಿನ್ ಬಹುಪಾಲು ಬಣ್ಣವಿಲ್ಲದ ರೂಪಕ್ಕೆ ಹೋಗುತ್ತದೆ. ಚಿಟಿಕೆ ನಿಂಬೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಕಾಯಿರಿ, ಕೆಂಪು ವಾಪಸ್ ಬರುತ್ತದೆ.

## ಹಂತ 6: ಇದು ಯಾವ ಜಾತಿಯ ಬಣ್ಣ ಎಂದು ಖಚಿತ ಮಾಡಿಕೊಳ್ಳಿ

ಎಲ್ಲ ಕೆಂಪೂ ಆಂಥೋಸಯನಿನ್ ಅಲ್ಲ. ಇದನ್ನು ಪರೀಕ್ಷಿಸದೆ ವರದಿ ಬರೆದವರು ಬಹಳ.

ಮೂರು ಸಣ್ಣ ಲೋಟಗಳಲ್ಲಿ ದ್ರಾವಣ ಹಾಕಿ. ಒಂದಕ್ಕೆ ನಿಂಬೆ ಉಪ್ಪು, ಒಂದಕ್ಕೆ ಅಡುಗೆ ಸೋಡಾ, ಇನ್ನೊಂದು ಹಾಗೇ ಇರಲಿ. ದಾಸವಾಳ ಹುಳಿಯಲ್ಲಿ ಕೆಂಪು, ಸೋಡಾದಲ್ಲಿ ನೀಲಿ-ಹಸಿರಿನ ಕಡೆಗೆ. ಶಂಖಪುಷ್ಪದ ದಳವನ್ನು ಡಿಸ್ಟಿಲ್ಡ್ ನೀರಿನಲ್ಲೇ ನೆನೆಸಿ. ನೀಲಿ ಇಳಿಯುತ್ತದೆ, ನಿಂಬೆಗೆ ನೇರಳೆಯಾಗುತ್ತದೆ, ಸೋಡಾಗೆ ಹಸಿರಾಗುತ್ತದೆ. ಅದರ ನೀಲಿ ಗಟ್ಟಿ ಯಾಕೆಂದರೆ ಡೆಲ್ಫಿನಿಡಿನ್‌ಗೆ ಕಿಣ್ವಗಳು ಸಕ್ಕರೆಯನ್ನೂ ಆಮ್ಲದ ಸರಪಳಿಗಳನ್ನೂ ಮತ್ತೆ ಮತ್ತೆ ಪೋಣಿಸಿರುತ್ತವೆ. ಟರ್ನಾಟಿನ್ ಎಂದು ಅದರ ಹೆಸರು.

ಕಾಗದದ ಹೂವಿನ ಬಣ್ಣ ಬೇರೆ ಕುಲ. ಅದು ಬೀಟಾಲೈನ್, ಬೀಟ್‌ರೂಟಿನ ಸಂಬಂಧಿ. ನಿಂಬೆಗೆ ಅಷ್ಟಾಗಿ ಬದಲಾಗದು, ಸುಣ್ಣದ ತಿಳಿಗೆ ಹಳದಿಯಾಗುತ್ತದೆ. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಇದನ್ನು ಕಟ್ಟುವ ಕಿಣ್ವಗಳ ಸಾಲೇ ಬೇರೆ. ಸಂಜೆಮಲ್ಲಿಗೆ, ಕೋಳಿಜುಟ್ಟು, ಟೇಬಲ್ ರೋಸ್ ಇದೇ ಗುಂಪು. ಒಂದೇ ಗಿಡದಲ್ಲಿ ಬೀಟಾಲೈನ್, ಆಂಥೋಸಯನಿನ್ ಎರಡೂ ಸಹಜವಾಗಿ ಒಟ್ಟಿಗೆ ಸಿಗುವುದಿಲ್ಲ. ಇನ್ನೊಂದು ಮಾತು. ಕಾಗದದ ಹೂವಿನಲ್ಲಿ ಬಣ್ಣ ಇರುವುದು ದಳದಲ್ಲಿ ಅಲ್ಲ, ಎಲೆಯ ರೂಪಾಂತರವಾದ ಹೊದಿಕೆಯಲ್ಲಿ. ನಡುವಿನ ಪುಟ್ಟ ಬಿಳಿ ಕೊಳವೆಯೇ ನಿಜವಾದ ಹೂ. ವರದಿಯಲ್ಲಿ 'ದಳ' ಎಂದು ಬರೆದರೆ ಅಂಕ ಹೋಗುತ್ತದೆ.

ಚೆಂಡು ಹೂ ತಣ್ಣೀರಿಗೆ ಬಣ್ಣ ಬಿಡುವುದಿಲ್ಲ ಎನ್ನುವಷ್ಟು ಕಡಿಮೆ ಬಿಡುತ್ತದೆ. ಎಣ್ಣೆಯಲ್ಲಿ ಎರಡು ದಿನ ನೆನೆಸಿದರೆ ಎಣ್ಣೆ ಹಳದಿಯಾಗುತ್ತದೆ. ಅದು ಕ್ಯಾರೊಟಿನಾಯ್ಡ್, ಇಲ್ಲಿ ಮುಖ್ಯವಾಗಿ ಲ್ಯೂಟೀನ್. ನೀರಿನ ಚೀಲದಲ್ಲಿ ಅಲ್ಲ, ಕ್ರೋಮೋಪ್ಲಾಸ್ಟ್ ಎಂಬ ಬೇರೆ ಕೋಣೆಯಲ್ಲಿ ಇರುತ್ತದೆ. ಬಿಳಿ ಸೇವಂತಿಗೆಯ ಕಥೆ ಇದಕ್ಕೆ ಅಂಟಿಕೊಂಡದ್ದೇ, ನನಗೆ ತುಂಬಾ ಇಷ್ಟ. ಬಿಳಿ ಸೇವಂತಿಗೆಯ ದಳವೂ ಕ್ಯಾರೊಟಿನಾಯ್ಡ್ ಮಾಡುತ್ತದೆ. ಆದರೆ ಸಿಸಿಡಿ4 ಎಂಬ ಪ್ರೋಟೀನ್ ಅದನ್ನು ಕತ್ತರಿಸಿ ಹಾಕುತ್ತದೆ. ಆ ಪ್ರೋಟೀನ್ ತಯಾರಾಗದಂತೆ ತಡೆದಾಗ ಬಿಳಿ ಹೂ ಹಳದಿಯಾಗಿ ಅರಳಿತು. ಅಂದರೆ ಬಿಳುಪಿಗೂ ಒಂದು ಪ್ರೋಟೀನ್ ದುಡಿಯುತ್ತಿರಬಹುದು.

ಬಿಳಿ ದಳಗಳ ಮೇಲೆ ಒಂದು ಹನಿ ಸುಣ್ಣದ ತಿಳಿ ಬಿಟ್ಟು ನೋಡಿ. ಹಲವು ಬಿಳಿ ಹೂಗಳು ಹಳದಿಯಾಗುತ್ತವೆ. ಅಲ್ಲಿ ಇದೇ ಸಾಲಿನಲ್ಲಿ ತಯಾರಾಗುವ, ಕೆಂಪಲ್ಲದ ಫ್ಲೇವೊನಾಲ್‌ನಂಥ ವಸ್ತು ಇದೆ ಎಂದು ಅರ್ಥ. ಸಾಲಿನ ಮೊದಲ ಕಿಣ್ವಗಳು ಕೆಲಸ ಮಾಡಿವೆ, ಕೆಂಪಿನ ಕೊನೆಯ ಮೆಟ್ಟಿಲು ಮಾತ್ರ ಹತ್ತಿಲ್ಲ. ನಾದಿದ ಹಿಟ್ಟು ಇದೆ, ರೊಟ್ಟಿ ಇಲ್ಲ. ಸುಣ್ಣದ ನೀರು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

## ಹಂತ 7: ಪ್ರೋಟೀನ್ ಕೆಲಸ ಮಾಡುವುದನ್ನು ಹಿಡಿಯಿರಿ

ಇಲ್ಲಿಯವರೆಗೆ ನೋಡಿದ್ದು ಬಣ್ಣ. ಈಗ ಕೆಲಸಗಾರರನ್ನು ನೋಡೋಣ. ನಾಲ್ಕು ಪ್ರಯೋಗಗಳಿವೆ. ಒಂದೆರಡು ಮಾಡಿದರೂ ಸಾಕು, ಆದರೆ ಸರಿಯಾಗಿ ಮಾಡಿ.

ಕುದಿನೀರಿನ ಪ್ರಯೋಗ. ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಸ್ಪಷ್ಟ. ಹತ್ತು ಮಲ್ಲಿಗೆ ತಗೊಳ್ಳಿ. ಐದನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ತಣ್ಣಗೆ ಮಾಡಿ. ಐದು ಹಸಿಯಾಗಿ ಇರಲಿ. ಎರಡನ್ನೂ ಬಿಳಿ ತಟ್ಟೆಯಲ್ಲಿ ಚಮಚದ ಹಿಂಭಾಗದಿಂದ ಜಜ್ಜಿ ಗಾಳಿಗೆ ಬಿಡಿ. ಹಸಿಯದ್ದು ಕಂದಾಗುತ್ತಾ ಹೋಗುತ್ತದೆ. ಕುದಿನೀರು ಕಂಡದ್ದು ಅಷ್ಟು ಕಂದಾಗುವುದಿಲ್ಲ, ಯಾಕೆಂದರೆ ಅದರ ಕಿಣ್ವಗಳು ಬಿಸಿಗೆ ಕೆಟ್ಟಿವೆ. ಅದ್ದುವುದು ಅರೆಬರೆಯಾದರೆ ಎರಡೂ ಕಂದಾಗುತ್ತವೆ. ಹೂ ಪೂರ್ತಿ ಮುಳುಗಬೇಕು.

ತಂಪಿನ ಪ್ರಯೋಗ. ಬೆಳಿಗ್ಗೆ ಬಿಳಿಯಾಗಿ ಅರಳಿ ಸಂಜೆಗೆ ಕೆಂಪಾಗುವ ಒಂದು ದಾಸವಾಳ ಇದೆ, ಕೆಲವರ ಅಂಗಳದಲ್ಲಿ ಸಿಗುತ್ತದೆ. ಅರಳಿದ ಮೇಲೂ ಆಂಥೋಸಯನಿನ್ ಕಟ್ಟುವ ಅಪರೂಪದ ಹೂ ಅದು. ಬೆಳಿಗ್ಗೆ ಏಳಕ್ಕೆ ಎರಡು ಬಿಳಿ ಹೂ ಕಿತ್ತು ನೀರಿನ ಲೋಟದಲ್ಲಿಡಿ. ಒಂದು ಫ್ರಿಜ್‌ಗೆ, ಒಂದು ಕೋಣೆಯಲ್ಲಿ. ಗಂಟೆಗೊಮ್ಮೆ ಫೋಟೋ. ಸಂಜೆ ಫ್ರಿಜ್‌ನದು ಇನ್ನೂ ಬಿಳಿಯಾಗಿಯೇ ಇರುತ್ತದೆ. ಹೊರಗೆ ತೆಗೆದಿಟ್ಟರೆ ನಿಧಾನವಾಗಿ ಕೆಂಪೇರುತ್ತದೆ. ಫ್ರೀಜರ್‌ನಲ್ಲಿ ಇಟ್ಟವರ ಹೂ ಸತ್ತು ನೀರಾಗುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಸಕ್ಕರೆ ಪ್ರಯೋಗ. ಬಣ್ಣ ಈಗಷ್ಟೇ ಕಾಣುತ್ತಿರುವ ಗುಲಾಬಿ ಮೊಗ್ಗುಗಳನ್ನು ದಂಟು ಸಮೇತ ಕತ್ತರಿಸಿ, ಅರ್ಧ ಬರೀ ನೀರಿನಲ್ಲಿ, ಅರ್ಧ 100 ಮಿಲಿಗೆ 3 ಗ್ರಾಂ ಸಕ್ಕರೆ ಹಾಕಿದ ನೀರಿನಲ್ಲಿ ಇಡಿ. ಸಕ್ಕರೆ ಬಣ್ಣಕ್ಕೆ ಕಚ್ಚಾ ಸಾಮಾನೂ ಹೌದು, ಸಾಲನ್ನು ಎಬ್ಬಿಸುವ ಸೂಚನೆಯೂ ಹೌದು. ನೀರು ದಿನಾ ಬದಲಿಸಿ. ಇಲ್ಲದಿದ್ದರೆ ಸಕ್ಕರೆ ನೀರು ಹಳಸಿ, ದಂಟು ಕೊಳೆತು, ಫಲಿತಾಂಶ ತಿರುಗಾಮುರುಗಾ ಬರುತ್ತದೆ.

ಕತ್ತಲೆಯ ಪ್ರಯೋಗ. ಗಿಡದಲ್ಲೇ ಇರುವ ಎರಡನೇ ಗುಂಪಿನ ಮೊಗ್ಗಿಗೆ ಒಳಗೆ ಕಪ್ಪು, ಹೊರಗೆ ಬಿಳಿ ಬಟ್ಟೆಯ ಪುಟ್ಟ ಚೀಲ ಕಟ್ಟಿ. ಪಕ್ಕದ ಮೊಗ್ಗಿಗೆ ಬರೀ ಬಿಳಿ ತೆಳು ಬಟ್ಟೆಯದು. ಕಪ್ಪು ಪ್ಲಾಸ್ಟಿಕ್ ಕಟ್ಟಿದರೆ ನಮ್ಮ ಬಿಸಿಲಿಗೆ ಒಳಗೆ ಬೆಂದುಹೋಗುತ್ತದೆ, ಬಣ್ಣ ಕಡಿಮೆಯಾದದ್ದು ಕತ್ತಲೆಗೋ ಬಿಸಿಗೋ ಹೇಳಲಾಗದು. ಬೆಳಕಿಗೆ ಎಷ್ಟು ಅವಲಂಬನೆ ಎನ್ನುವುದು ಹೂವಿನಿಂದ ಹೂವಿಗೆ ಬೇರೆ. ವ್ಯತ್ಯಾಸ ಬರದಿದ್ದರೆ ಅದೂ ಒಂದು ಉತ್ತರವೇ.

## ಹಂತ 8: ಅಳೆಯಿರಿ

ಶಾಲೆಯವರು ಆರು ಬಾಟಲಿಗಳನ್ನು ಸಾಲಾಗಿ ಇಟ್ಟು ಬಣ್ಣ ಹೋಲಿಸಿದರೆ ಸಾಕು. ಡಿಗ್ರಿ ವಿದ್ಯಾರ್ಥಿಗಳು ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಬಳಸಿ.

ಒಂದೇ ದ್ರಾವಣವನ್ನು ಎರಡು ಬಫರ್‌ನಲ್ಲಿ, ಅಂದರೆ ಪಿಎಚ್ ಅಲುಗದಂತೆ ಹಿಡಿದಿಡುವ ದ್ರಾವಣದಲ್ಲಿ, ಒಂದೇ ಪ್ರಮಾಣದಲ್ಲಿ ತೆಳು ಮಾಡಿ. ಒಂದು ಪಿಎಚ್ 1.0ರ ಪೊಟ್ಯಾಸಿಯಂ ಕ್ಲೋರೈಡ್, ಇನ್ನೊಂದು ಪಿಎಚ್ 4.5ರ ಸೋಡಿಯಂ ಅಸಿಟೇಟ್. ಎರಡನ್ನೂ 520 ಮತ್ತು 700 ನ್ಯಾನೋಮೀಟರ್‌ನಲ್ಲಿ ಓದಿ. ಪ್ರತಿಯೊಂದರಲ್ಲೂ 520ರ ಅಂಕಿಯಿಂದ 700ರ ಅಂಕಿ ಕಳೆಯಿರಿ. ನಂತರ ಪಿಎಚ್ 1.0ರದರಿಂದ ಪಿಎಚ್ 4.5ರದನ್ನು ಕಳೆಯಿರಿ. ಬಂದ ಅಂಕಿಯನ್ನು 449.2ರಿಂದ, ಎಷ್ಟು ಪಟ್ಟು ತೆಳು ಮಾಡಿದಿರೋ ಅದರಿಂದ, ಮತ್ತು 1000ದಿಂದ ಗುಣಿಸಿ 26,900ರಿಂದ ಭಾಗಿಸಿ. ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಇದು 1 ಸೆಂ.ಮೀ. ಅಗಲದ ಕ್ಯುವೆಟ್‌ಗೆ, ಅಂದರೆ ಯಂತ್ರದಲ್ಲಿ ದ್ರಾವಣ ಇಡುವ ಪುಟ್ಟ ಪಾತ್ರೆಗೆ.

ಲೆಕ್ಕ ಹೀಗೆ. ಅಂಕಿ 0.6, ಹತ್ತು ಪಟ್ಟು ತೆಳು ಮಾಡಿದ್ದೀರಿ ಅಂದುಕೊಳ್ಳಿ. ಉತ್ತರ ಸುಮಾರು ಲೀಟರಿಗೆ 100 ಮಿಲಿಗ್ರಾಂ. ನಿಮ್ಮದು 10 ಮಿಲಿಯಲ್ಲಿ 1 ಗ್ರಾಂ ದಳ. ಹಾಗಾಗಿ 1 ಗ್ರಾಂ ದಳಕ್ಕೆ 1 ಮಿಲಿಗ್ರಾಂ. 449.2 ಸಯನಿಡಿನ್‌ಗೆ ಒಂದು ಗ್ಲೂಕೋಸ್ ಸೇರಿದ ಅಣುವಿನ ತೂಕ. ದಾಸವಾಳದ ಮುಖ್ಯ ಬಣ್ಣದಲ್ಲಿ ಎರಡು ಸಕ್ಕರೆ ಘಟಕ ಇವೆ. ಆದ್ದರಿಂದ 'ಸಯನಿಡಿನ್ ಗ್ಲೂಕೋಸೈಡ್‌ಗೆ ಸಮಾನವಾಗಿ' ಎಂದು ಬರೆಯಬೇಕು.

ಈಗ ಪ್ರೋಟೀನ್ ಅಳೆಯುವ ವಿಷಯ. ಬ್ರಾಡ್‌ಫರ್ಡ್ ವಿಧಾನದಲ್ಲಿ 595 ನ್ಯಾನೋಮೀಟರ್‌ನಲ್ಲಿ ಓದಿ, 'ಮೊಗ್ಗಿನಲ್ಲಿ ಪ್ರೋಟೀನ್ ಜಾಸ್ತಿ, ಆದ್ದರಿಂದ ಬಣ್ಣ ಜಾಸ್ತಿ' ಎಂದು ಬರೆದುಕೊಂಡು ಬರುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಅದು ದಳದ ಒಟ್ಟು ಪ್ರೋಟೀನ್. ಉಸಿರಾಟದ್ದು, ಬೆಳವಣಿಗೆಯದು, ಎಲ್ಲವೂ ಅದರಲ್ಲಿದೆ. ಬಣ್ಣದ ಕಿಣ್ವಗಳು ಅದರಲ್ಲಿ ಒಂದು ಸಣ್ಣ ಪಾಲು. ಸಾಲದ್ದಕ್ಕೆ ದಳದ ಫಿನಾಲ್‌ಗಳು ಆ ಓದನ್ನೇ ಕೆಡಿಸುತ್ತವೆ. ಕಿಣ್ವದ ಬಗ್ಗೆ ಖಚಿತ ಮಾತು ಹೇಳಬೇಕಾದರೆ ಆ ಕಿಣ್ವದ ಚಟುವಟಿಕೆಯನ್ನೇ ಅಳೆಯಬೇಕು, ಇಲ್ಲವೇ ಅದರ ಜೀನ್ ಚಾಲೂ ಆದಾಗ ತಯಾರಾಗುವ ಆರ್‌ಎನ್‌ಎ ಎಷ್ಟಿದೆ ಎಂದು ಕ್ಯುಪಿಸಿಆರ್ ಯಂತ್ರದಲ್ಲಿ ನೋಡಬೇಕು. ಆರ್‌ಎನ್‌ಎಗೆ ಬೇಕಾದ ಮೊಗ್ಗನ್ನು ಕಿತ್ತ ಕೂಡಲೇ ದ್ರವ ಸಾರಜನಕದಲ್ಲಿ ಮುಳುಗಿಸಬೇಕು, ಐಸ್ ಡಬ್ಬಿ ಸಾಲದು.

ಜೀನ್ ಜಾಸ್ತಿ ಇದ್ದರೆ ಬಣ್ಣ ಜಾಸ್ತಿ ಎಂಬ ಊಹೆಯನ್ನೂ ಬಿಡಿ. 1990ರಲ್ಲಿ ಪೆಟೂನಿಯಾಗೆ ಚಾಲ್ಕೋನ್ ಸಿಂಥೇಸ್ ಜೀನ್ ಹೆಚ್ಚುವರಿಯಾಗಿ ಸೇರಿಸಿದಾಗ ಎಷ್ಟೋ ಗಿಡಗಳಲ್ಲಿ ನೇರಳೆ ಹೂವಿನ ಬದಲು ಬಿಳಿ ಹೂ, ಬಿಳಿ ಪಟ್ಟೆಯ ಹೂ ಬಂದವು. ಸೇರಿಸಿದ್ದೂ, ಮೊದಲಿದ್ದದ್ದೂ ಎರಡೂ ಬಾಯಿ ಮುಚ್ಚಿದ್ದವು.

## ಎಚ್ಚರಿಕೆಯ ಗುರುತುಗಳು

ದ್ರಾವಣ ಗಂಟೆಯೊಳಗೆ ಕಂದಾದರೆ ದಳ ಜಜ್ಜಿಹೋಗಿದೆ ಅಥವಾ ಹುಳಿ ಕಡಿಮೆ. ಅದನ್ನು ಚೆಲ್ಲಿ ಹೊಸದಾಗಿ ಮಾಡಿ, ನಿಂಬೆ ಸೇರಿಸಿ ತೇಪೆ ಹಾಕಬೇಡಿ. ಹಸಿರು-ಬೂದಿಯಾದರೆ ನೀರು ನೋಡಿ. ಕಪ್ಪಾದರೆ ಕಬ್ಬಿಣ ತಾಗಿದೆ. ಮೋಡ ಕವಿದ ಹಾಗಿದ್ದರೆ ಲೋಳೆ ಉಳಿದಿದೆ, ಫ್ರಿಜ್‌ನಲ್ಲಿ ಇನ್ನೊಂದು ರಾತ್ರಿ ಇಟ್ಟು ಮತ್ತೆ ಸೋಸಿ. ಒಂದನೇ ಗುಂಪಿನ ದ್ರಾವಣ ಹಸಿರಾಗಿ ಬಂದರೆ ಗಾಬರಿ ಬೇಡ, ಎಳೆ ದಳದಲ್ಲಿ ಪತ್ರಹರಿತ್ತು ಇರುತ್ತದೆ. ಯಂತ್ರದ ಅಂಕಿ 1 ದಾಟಿದರೆ ಇನ್ನಷ್ಟು ತೆಳು ಮಾಡಿ ಮತ್ತೆ ಓದಿ. ಒಂದೇ ಗುಂಪಿನ ಐದು ಮೊಗ್ಗುಗಳ ಅಂಕಿಗಳು ಒಂದಕ್ಕೊಂದು ಎರಡು ಪಟ್ಟು ದೂರ ಇದ್ದರೆ ವಿಂಗಡಣೆಯಲ್ಲೇ ತಪ್ಪಾಗಿದೆ, ಮೂರನೇ ಹಂತಕ್ಕೆ ವಾಪಸ್ ಹೋಗಿ.

## ಹಂತ 9: ವರದಿಯಲ್ಲಿ ಎಷ್ಟು ಹೇಳಬೇಕೋ ಅಷ್ಟೇ ಹೇಳಿ

ಮಾಡಿದ ದಿನವೇ, ಗಿಡದ ಪಕ್ಕದಲ್ಲೇ ಬರೆಯಿರಿ. ಕಿತ್ತ ಗಂಟೆ, ಅಂದಿನ ಗರಿಷ್ಠ ಬಿಸಿಲು, ನೀರು ಎಲ್ಲಿಂದ ತಂದದ್ದು, ಮೊಗ್ಗಿನ ಉದ್ದ, ತೂಕ. ಆರು ಗುಂಪುಗಳ ಅಂಕಿಯನ್ನು ಒಂದೇ ನಕ್ಷೆಯಲ್ಲಿ ಹಾಕಿ. ಗೆರೆ ಎರಡನೇ ಗುಂಪಿನಿಂದ ನಾಲ್ಕನೇ ಗುಂಪಿನವರೆಗೆ ಏರಿ, ಅರಳಿದ ಮೇಲೆ ಅಷ್ಟಾಗಿ ಏರದಿದ್ದರೆ ಬಣ್ಣ ಕಟ್ಟಿದ್ದು ಮೊಗ್ಗಿನಲ್ಲಿ ಎಂದು ನಿಮ್ಮ ಕೈಯಲ್ಲೇ ಸಾಕ್ಷಿ ಇದೆ. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಅರಳುವಾಗ ದಳ ನೀರು ತುಂಬಿಕೊಂಡು ಹಿಗ್ಗುತ್ತದೆ. ಹಾಗಾಗಿ ಗ್ರಾಂ ಲೆಕ್ಕದಲ್ಲಿ ಬಣ್ಣ ಇಳಿದ ಹಾಗೆ ಕಾಣಬಹುದು. ಒಂದು ದಳಕ್ಕೆ ಎಷ್ಟು ಎನ್ನುವ ಲೆಕ್ಕವನ್ನೂ ಪಕ್ಕದಲ್ಲಿ ಕೊಡಿ.

'ಡಿಎಫ್‌ಆರ್ ಕಿಣ್ವ ನಾಲ್ಕನೇ ಗುಂಪಿನಲ್ಲಿ ಹೆಚ್ಚಾಯಿತು' ಎಂದು ಬರೆಯಬೇಡಿ, ನೀವು ಅದನ್ನು ಅಳೆದಿಲ್ಲ. 'ಎರಡನೇ ಗುಂಪಿನಿಂದ ನಾಲ್ಕನೇ ಗುಂಪಿನವರೆಗೆ ಪ್ರತಿ ದಳದ ಆಂಥೋಸಯನಿನ್ ಹೆಚ್ಚಾಯಿತು. ಆ ಅವಧಿಯಲ್ಲಿ ಬಣ್ಣ ಕಟ್ಟುವ ಕಿಣ್ವಗಳು ಚುರುಕಾಗಿದ್ದವು ಎಂಬುದಕ್ಕೆ ಇದು ಹೊಂದುತ್ತದೆ' ಎಂದು ಬರೆಯಿರಿ. ಪರೀಕ್ಷಕರು ಕೇಳಿದರೆ ಸೀಳಿದ ಮೊಗ್ಗಿನ ಫೋಟೋ ಮೊದಲು ತೋರಿಸಿ.